ಮತ್ಸ್ಯಬೀಜದ ಚರಿತ್ರೆ

ಬೇಸಗೆಯಲ್ಲಿ ಬತ್ತಿ ಬಿರುಕುಬಿಟ್ಟ ಕೆರೆಯ ಅಂಗಳದಲ್ಲಿ, ಮುಂಗಾರಿನ ನಾಲ್ಕು ಮಳೆ ಬಿದ್ದು ನೀರು ನಿಂತೊಡನೆಯೇ ಮೀನುಗಳು ಕಾಣಿಸಿಕೊಳ್ಳುವುದನ್ನು ನೋಡದ ಹಳ್ಳಿಗರಿಲ್ಲ. ನೀರು ಇದ್ದಲ್ಲಿ ಮೀನು ತಾನಾಗಿಯೇ ಹುಟ್ಟುವುದೆಂದು ಜನರು ನಂಬಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಕೆಸರಿನೊಳಗೆ ಹುದುಗಿ ಜೀವ ಹಿಡಿದುಕೊಂಡಿದ್ದ ಮೀನುಗಳೂ, ಕೋಡಿಯ ನೀರನ್ನು ಹತ್ತಿ ಬಂದ ಮೀನುಗಳೂ ಸೇರಿ ಆ ಭ್ರಾಂತಿಯನ್ನು ಉಂಟುಮಾಡುವುವು. ಆದರೆ ಕನ್ನಡನಾಡಿನ ಕೆರೆಗಳಲ್ಲಿ ಇಂದು ವಿಶೇಷವಾಗಿ ಸಾಕಲ್ಪಡುವ ಕಾಟ್ಲಾ, ರೋಹು, ಮೃಗಾಲ್ ಎಂಬ ಮೂರು ಜಾತಿಯ ಗೆಂಡೆಮೀನುಗಳ ವಿಷಯದಲ್ಲಿ ಈ ನಂಬಿಕೆಯು ಪೂರ್ತಿಯಾಗಿ ತಲೆಕೆಳಗಾಗುವುದು. ಇವುಗಳ ಮರಿಗಳನ್ನು ಕೆರೆಗೆ ಬಿಟ್ಟರೆ ಚೆನ್ನಾಗಿ ಮೇಯುವುವು. ಒಂದೆರಡು ವರ್ಷಗಳಲ್ಲಿ ಸೇರುಗಟ್ಟಲೆ ತೂಗುವುವು. ಪ್ರಾಯಕ್ಕೆ ಬಂದ ಹೆಣ್ಣಿನ ಹೊಟ್ಟೆಯಲ್ಲಿ ಲಕ್ಷಾಂತರ ತತ್ತಿಗಳು ತುಂಬಿಕೊಳ್ಳುವುವು. ಆದರೂ ನಿಂತ ನೀರಿನ ಕೆರೆಯಲ್ಲಿ ಅವು ಒಂದಾದರೂ ಮರಿಯನ್ನು ಈಯಲಾರವು. ಮಳೆಗಾಲ ಕಳೆದಂತೆ ಆ ತತ್ತಿಗಳು ತಾಯಿಯ ದೇಹದಲ್ಲಿಯೇ ಕರಗಿಹೋಗುವುವು.

ಬೆಳೆಯಬಲ್ಲ ಪ್ರಾಣಿಯು ಹುಟ್ಟಲೊಲ್ಲದು ಎಂಬ ಈ ಒಗಟೇ ಭಾರತದ ಮತ್ಸ್ಯಕೃಷಿಯ ಚರಿತ್ರೆಗೆ ಮೂಲಸೂತ್ರವಾಗಿದೆ. ಒಗಟು ಬಿಡಿಸಿಕೊಂಡುದು 1957ರಲ್ಲಿ. ಅದಕ್ಕೆ ಹಿಂದಿನ ಎರಡು ಸಾವಿರ ವರ್ಷಗಳಲ್ಲಿ ಯಾರು ಏನನ್ನು ಅರಿತಿದ್ದರು, ಯಾರ ಅರಿವು ಗ್ರಂಥಕ್ಕೆ ಏರಿತು, ಯಾರದು ಏರಲಿಲ್ಲ, ಬಿಡಿಸಿದ ಮೇಲೆ ದೊರೆತುದೇನು, ಕಳೆದುದೇನು ಎಂಬುದನ್ನು ವಿಚಾರಮಾಡುವುದು ಉಚಿತವಾಗಿದೆ.

ಮೀನುಸಾಕಣೆಯ ಅತ್ಯಂತ ಪ್ರಾಚೀನ ಗ್ರಂಥವೆಂದು ವಿದ್ವಾಂಸರು ಎಣಿಸುವುದು ಚೀನಾ ದೇಶದ್ದನ್ನು. ಕ್ರಿ. ಪೂ. 475ರ ಸುಮಾರಿನಲ್ಲಿ, ಮಂತ್ರಿಪದವಿಯನ್ನು ತೊರೆದು ವ್ಯಾಪಾರದಿಂದ ಐಶ್ವರ್ಯವಂತನಾದ ಫಾನ್ ಲೀ ಎಂಬವನ ಹೆಸರಿನಲ್ಲಿ ಆ ಕಿರುಹೊತ್ತಗೆಯು ಪ್ರಚಾರದಲ್ಲಿದೆ. ಕೊಳವನ್ನು ತೋಡಿ, ನಡುವೆ ದಿಬ್ಬಗಳನ್ನು ಬಿಟ್ಟು, 20 ಹೆಣ್ಣುಗಳನ್ನೂ 4 ಗಂಡುಗಳನ್ನೂ ಬಿಡಬೇಕೆಂದು ಅದರಲ್ಲಿ ವಿಧಿಸಿದೆ. ಅಲ್ಲಿ ಹೇಳಿರುವುದು ಸಾಮಾನ್ಯ ಗೆಂಡೆಯ ಮಾತು. ಈ ಜಾತಿಯು ನಿಂತ ನೀರಿನಲ್ಲಿಯೇ ಜೊಂಡಿಗೆ, ಪಾಚಿಗೆ ತನ್ನ ಅಂಟುತತ್ತಿಗಳನ್ನು ಹಚ್ಚಿ ಸಂತಾನವನ್ನು ಬೆಳೆಸುವುದು. ಆದುದರಿಂದ ಚೀನೀಯನಿಗೆ ತಾಯಿತಂದೆಗಳನ್ನು ಕೊಳಕ್ಕೆ ಬಿಟ್ಟರೆ ಸಾಕಾಯಿತು. ಮರಿಯ ಚಿಂತೆಯನ್ನು ಮೀನೇ ವಹಿಸಿತು. ಗಂಗೆಯ ಬಯಲಿನ ಗೆಂಡೆಗಳು ಅಷ್ಟು ಸುಲಭರಾದ ಅತಿಥಿಗಳಲ್ಲ. ಹೊಸನೀರು ಕೆಂಪಾಗಿ ಉಕ್ಕಿ ದಡ ಮೀರಿದಾಗ, ಪ್ರವಾಹದ ಅಂಚಿನ ತೆಳುನೀರಿನಲ್ಲಿ ಮಾತ್ರವೇ ಅವು ತತ್ತಿಯಿಡುವುವು.

ಭಾರತದ ಪ್ರಾಚೀನರು ಮೀನನ್ನು ಅಲಕ್ಷಿಸಿದರೆಂದು ಹೇಳುವಂತಿಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕಟ್ಟೆ ಕೆರೆಗಳಲ್ಲಿನ ಮೀನು, ದೋಣಿಯ ದಾಟು, ಹಸಿರು ಪಲ್ಯ ಇವುಗಳ ಮೇಲಣ ಸ್ವಾಮ್ಯವು ರಾಜನದೆಂದು ಹೇಳಿದೆ. ಮೀನುಗಾರರು ದೋಣಿಯ ಬಾಡಿಗೆಯಾಗಿ ಹಿಡಿದುದರಲ್ಲಿ ಆರರಲ್ಲೊಂದು ಪಾಲನ್ನು ಕೊಡಬೇಕೆಂದೂ ನಿಯಮಿಸಿದೆ. ಪಟ್ಟಾಭಿಷೇಕವಾಗಿ 26 ವರ್ಷಗಳ ತರುವಾಯ ಅಶೋಕನು ಕೆತ್ತಿಸಿದ ಐದನೆಯ ಸ್ತಂಭಶಾಸನವು, ಚಾತುರ್ಮಾಸ್ಯದ ಹುಣ್ಣಿಮೆಗಳಲ್ಲಿಯೂ ತಿಷ್ಯ ನಕ್ಷತ್ರದ ಹುಣ್ಣಿಮೆಯಲ್ಲಿಯೂ ಉಪವಾಸದ ದಿನಗಳಲ್ಲಿಯೂ ಮೀನನ್ನು ಕೊಲ್ಲಬಾರದು, ಮಾರಲೂಬಾರದು ಎಂದು ಕಟ್ಟುಮಾಡುವುದು. ಒಬ್ಬನು ಸುಂಕವನ್ನು ನೋಡಿದನು, ಮತ್ತೊಬ್ಬನು ಕರುಣೆಯನ್ನು ನೋಡಿದನು.

ವೈದ್ಯರ ನೋಟವು ಇನ್ನೂ ಸೂಕ್ಷ್ಮವಾದುದು. ಚರಕಸಂಹಿತೆಯ ಅನ್ನಪಾನವಿಧಿಯಲ್ಲಿ ರೋಹಿತವೆಂಬ ಮೀನಿಗೆ ವಿಶೇಷವಾದ ಮನ್ನಣೆ ದೊರೆತಿದೆ. ಅದು ಶೈವಲವನ್ನು, ಎಂದರೆ ಪಾಚಿಯನ್ನು, ಆಹಾರವಾಗಿ ಉಳ್ಳದ್ದು, ನಿದ್ರೆಯಿಲ್ಲದುದು, ಆದಕಾರಣ ಲಘುವಾಗಿ ಪಚನವಾಗಿ ಬಲವನ್ನು ಕೊಡುವುದು ಎಂದು ಅಲ್ಲಿಯ ಅಭಿಪ್ರಾಯ. ಇಂದಿನ ಪ್ರಾಣಿಶಾಸ್ತ್ರಜ್ಞರೂ ಬೆಳೆದ ರೋಹು ಮೀನು ನೀರಿನ ನಡುಮಟ್ಟದಲ್ಲಿ ಸಂಚರಿಸುತ್ತ ಪಾಚಿಯನ್ನೂ ಕೊಳೆತ ಸಸ್ಯವನ್ನೂ ಮೇಯುವುದೆಂದು ಹೇಳುವರು. ಕಾಟ್ಲಾ ಮೇಲ್ಮಟ್ಟದಲ್ಲಿ ತೇಲುವ ಸೂಕ್ಷ್ಮಜಂತುಗಳನ್ನು ನುಂಗುವುದು. ಮೃಗಾಲ್ ತಳದ ಕೆಸರನ್ನು ಕೆದಕುವುದು. ಒಂದೇ ಕೆರೆಯಲ್ಲಿ ಮೂರೂ ಜಗಳವಿಲ್ಲದೆ ಬೆಳೆಯುವುದಕ್ಕೆ ಈ ಆಹಾರಭೇದವೇ ಕಾರಣವು.

ಕನ್ನಡಿಗರಿಗೆ ಅಭಿಮಾನವನ್ನು ಉಂಟುಮಾಡುವ ಗ್ರಂಥವು ಇನ್ನೊಂದಿದೆ. ಕಲ್ಯಾಣದಲ್ಲಿ 1126ರಿಂದ 1138ರವರೆಗೆ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಸೇರಿದೆ. ಕಡಲಿನವು ಯಾವುವು, ಹೊಳೆಯವು ಯಾವುವು, ಹುರುಪೆಯುಳ್ಳವು ಯಾವುವು, ಇಲ್ಲದವು ಯಾವುವು ಎಂದು ವಿಂಗಡಿಸಿ, ಯಾವುದಕ್ಕೆ ಹಿಟ್ಟಿನ ಉಂಡೆ, ಯಾವುದಕ್ಕೆ ಮಾಂಸ, ಗಾಳದ ಕೋಲು ಹೇಗಿರಬೇಕು, ದಾರವೆಂತಹುದು ಎಂಬುದೆಲ್ಲವನ್ನೂ ದೊರೆಯು ವಿವರಿಸಿರುವನು. ಪ್ರಾಣಿಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಸುಂದರಲಾಲ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ಪರಿಶೀಲಿಸಿ ವಿಜ್ಞಾನಿಗಳ ಗಮನಕ್ಕೆ ತಂದರು. ಆದರೆ ಸುಂಕವನ್ನು ಬಲ್ಲ ಕೌಟಿಲ್ಯನಲ್ಲಿಯಾಗಲಿ, ಆಹಾರವನ್ನು ಬಲ್ಲ ಚರಕನಲ್ಲಿಯಾಗಲಿ, ಗಾಳವನ್ನು ಬಲ್ಲ ಸೋಮೇಶ್ವರನಲ್ಲಿಯಾಗಲಿ, ಈ ಮೀನು ಎಲ್ಲಿ, ಎಂದು, ಹೇಗೆ ಹುಟ್ಟುವುದೆಂಬ ಪ್ರಶ್ನೆಗೆ ಉತ್ತರವನ್ನು ಹುಡುಕುವುದು ವ್ಯರ್ಥ. ಉಣ್ಣುವವನು, ಆಳುವವನು, ಆಡುವವನು ಇವರಿಗೆ ಮೀನು ಯಾವಾಗಲೂ ಬೆಳೆದೇ ಬಂದಿತ್ತು.

ಉತ್ತರವನ್ನು ಬಲ್ಲವರು ಬೇರೆ ಕಡೆಯಲ್ಲಿದ್ದರು. ಗಂಗೆಯ ತೀರದ ಬೆಸ್ತರು ಆಷಾಢ ಶ್ರಾವಣಗಳಲ್ಲಿ ಹೊಳೆಯ ಏರಿಳಿತವನ್ನು ಕಾದಿದ್ದು, ಸೊಂಡಿಲಿನಾಕಾರದ ಒತ್ತುನೆಯ್ಗೆಯ ಬಲೆಯನ್ನು ಪ್ರವಾಹಕ್ಕೆ ಇದಿರಾಗಿ ಕಟ್ಟುತ್ತಿದ್ದರು. ಕಣ್ಣಿಗೆ ಕೂದಲೆಳೆಯ ತುಣುಕಿನಂತೆ ತೋರುವ, ತತ್ತಿಯೊಡೆದು ಒಂದೆರಡು ದಿನವಾದ ಮರಿಗಳು ಕೋಟ್ಯಂತರವಾಗಿ ತೇಲಿಬಂದು ಬಲೆಯ ಬಾಲದ ಚೀಲದಲ್ಲಿ ಸೇರುತ್ತಿದ್ದುವು. ಅವನ್ನು ಮಣ್ಣಿನ ಮಡಕೆಗಳಲ್ಲಿ ತುಂಬಿ, ದೋಣಿಯ ಮೇಲೆ, ತಲೆಯ ಮೇಲೆ, ಮುಂದೆ ರೈಲುಬಂಡಿಯ ಮೇಲೆ, ದೂರದ ಕೊಳಗಳಿಗೆ ಸಾಗಿಸುತ್ತಿದ್ದರು. ದಾರಿಯುದ್ದಕ್ಕೂ ಮಡಕೆಯನ್ನು ಅಲುಗಿಸುತ್ತಲೇ ಇರಬೇಕು. ಅಲುಗಾಟ ನಿಂತರೆ ನೀರಿನಲ್ಲಿ ಪ್ರಾಣವಾಯು ಕುಗ್ಗಿ ಮರಿಗಳು ಸಾಯುವುವು. ಪ್ರಾಣವಾಯುವಿನ ಹೆಸರನ್ನೇ ಕೇಳದ ಜನರು ಈ ಮರ್ಮವನ್ನು ಕೈಯಿಂದಲೇ ಕಂಡುಕೊಂಡಿದ್ದರು.

ಬಂಗಾಳದ ಬಾಂಕುರಾ, ಮೇದಿನೀಪುರ ಪ್ರಾಂತಗಳ ಜನರು ಇದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಇಳಿಜಾರಾದ ನೆಲದಲ್ಲಿ ಮೂರು ಕಡೆ ಏರಿಯನ್ನು ಹಾಕಿ, ಬಲಿತ ಮೀನುಗಳನ್ನು ಒಳಗೆ ಬಿಟ್ಟು, ದೊಡ್ಡ ಮಳೆಯನ್ನು ಕಾಯುವರು. ಮೇಲಣ ಬಯಲಿನಿಂದ ಕೆಂಪು ನೀರು ಭೋರೆಂದು ನುಗ್ಗಿ ಬಂದಾಗ, ಮೀನುಗಳು ಹೊಳೆಯೇ ಬಂದಿತೆಂದು ಬಗೆದು ತೆಳುನೀರಿಗೆ ಏರಿ ತತ್ತಿಯಿಡುವುವು. ಇದಕ್ಕೆ ಅಲ್ಲಿಯವರು ಬಾಂಧ್ ಎಂದು ಹೆಸರಿಟ್ಟಿರುವರು. ಮೀನಿಗೆ ಬೇಕಾದುದು ನದಿಯಲ್ಲ, ನದಿಯ ಬರವಿನ ಸೂಚನೆ ಮಾತ್ರ ಎಂಬ ತತ್ತ್ವವು ಈ ಏರಿಗಳಲ್ಲಿಯೇ ಅಡಗಿದ್ದಿತು. ಅದನ್ನು ಕಂಡವನ ಹೆಸರು ಯಾವ ಓಲೆಯಲ್ಲಿಯೂ ಇಲ್ಲ, ಶಾಸನದಲ್ಲಿಯೂ ಇಲ್ಲ.

ಈ ಮೀನುಗಳನ್ನು ಪಾಶ್ಚಾತ್ಯಶಾಸ್ತ್ರದ ಪಟ್ಟಿಗೆ ಸೇರಿಸಿದ ಫ್ರಾನ್ಸಿಸ್ ಬುಕನನ್ ಕನ್ನಡಿಗರಿಗೆ ಅಪರಿಚಿತನಲ್ಲ. ಶ್ರೀರಂಗಪಟ್ಟಣವು ಪತನವಾದ ಮರುವರ್ಷ, 1800ರಲ್ಲಿ, ಮೈಸೂರು ಕನ್ನಡ ಮಲೆಯಾಳ ದೇಶಗಳನ್ನು ಸುತ್ತಿ ಕೃಷಿವೃತ್ತಾಂತವನ್ನು ಬರೆದವನು ಇವನೇ. ಹ್ಯಾಮಿಲ್ಟನ್ ಎಂಬ ಹೆಸರನ್ನು ಸೇರಿಸಿಕೊಂಡ ಬಳಿಕ, 1822ರಲ್ಲಿ, ಗಂಗಾನದಿಯ ಮೀನುಗಳನ್ನು ಕುರಿತು ಇವನ ಗ್ರಂಥವು ಪ್ರಕಟವಾಯಿತು. ಬೆಸ್ತರ ಬಾಯಿಂದ ಕೇಳಿದ ಹೆಸರುಗಳನ್ನೇ ಇವನು ಲ್ಯಾಟಿನ್ ನಾಮಗಳಲ್ಲಿ ಉಳಿಸಿದುದರಿಂದ, ಚರಕನ ರೋಹಿತವು ಇಂದಿಗೂ ಲೋಕದ ಎಲ್ಲ ವಿಶ್ವವಿದ್ಯಾಲಯಗಳಲ್ಲಿಯೂ ‘ರೋಹಿತ’ವೇ ಆಗಿದೆ. ಕಾಟ್ಲಾ, ಮೃಗಾಲಗಳ ಹೆಸರುಗಳೂ ಹಾಗೆಯೇ ನಿಂತುವು. ಕೃಷ್ಣೆ ಗೋದಾವರಿಗಳವರೆಗೆ ಮಾತ್ರ ಇದ್ದ ಕಾಟ್ಲಾ ಕಾವೇರಿಗೆ ತರಲ್ಪಟ್ಟುದು 20ನೆಯ ಶತಮಾನದ ಪೂರ್ವಾರ್ಧದಲ್ಲಿ.

ಆದರೆ ಹೊಳೆಯ ಮರಿಯನ್ನು ನಂಬಿ ಕೃಷಿ ನಡೆಸುವುದು ಲಾಟರಿಯಾಡಿದಂತೆ. ಮಳೆ ತಡವಾದರೆ ಮರಿಯಿಲ್ಲ. ಮಳೆ ಬಂದರೂ, ಬಲೆಯಲ್ಲಿ ಸಾಧುಮೀನಿನ ಮರಿಗಳೊಂದಿಗೆ ಹಿಂಸ್ರಮೀನಿನ ಮರಿಗಳೂ ಬೆರೆತು ಬರುವುವು; ಎಳೆಯದರಲ್ಲಿ ಇವನ್ನು ಬೇರ್ಪಡಿಸುವುದು ಅಸಾಧ್ಯ. ರಾಗಿಯ ಬೀಜದಲ್ಲಿ ಅರ್ಧಕ್ಕರ್ಧ ಕಳೆಯ ಬೀಜ ಕಲೆತಿದ್ದು, ಆ ಕಳೆಯು ರಾಗಿಯನ್ನೇ ತಿನ್ನುವಂತಿದ್ದರೆ ರೈತನ ಗತಿಯೇನಾದೀತು? ಮೀನುಕೃಷಿಕನ ಗತಿಯೂ ಅದೇ ಆಗಿತ್ತು.

ಒಗಟಿನ ಕೀಲಿಯು ದೂರದ ದಕ್ಷಿಣ ಅಮೇರಿಕದಲ್ಲಿ ಮೊದಲು ಕಾಣಿಸಿತು. ಪ್ರಾಣಿಗಳ ಮೆದುಳಿನ ಕೆಳಗೆ, ತಲೆಬುರುಡೆಯ ಒಂದು ಕುಳಿಯಲ್ಲಿ, ಪಿಟ್ಯುಟರಿ ಎಂಬ ಪುಟ್ಟ ಗ್ರಂಥಿಯಿರುವುದು. ಸೇರು ತೂಕದ ಮೀನಿನಲ್ಲಿ ಅದು ಸಾಸಿವೆಯ ಕಾಳಿಗಿಂತ ತುಸು ದೊಡ್ಡದಾಗಿರುವುದಷ್ಟೆ. ದೇಹದ ಬೆಳವಣಿಗೆ, ಸಂತಾನ ಮೊದಲಾದುವಕ್ಕೆ ಅಪ್ಪಣೆ ಹೊರಡುವುದು ಇಲ್ಲಿಂದ. ಅರ್ಜೆಂಟೀನದ ಹೌಸೇ ಎಂಬ ವಿಜ್ಞಾನಿಯು 1930ರಲ್ಲಿ ಮೀನಿನ ಈ ಗ್ರಂಥಿಯ ರಸವನ್ನು ಮರಿಹಾಕುವ ಜಾತಿಯ ಮೀನಿಗೆ ಚುಚ್ಚಿ, ಅವಧಿಗೆ ಮೊದಲೇ ಹೆರಿಗೆಯಾಗುವುದನ್ನು ಕಂಡನು. ಬ್ರೆಜಿಲಿನ ಫಾನ್ ಇಹೆರಿಂಗ್ ಎಂಬವನು ಕೆಲವೇ ವರ್ಷಗಳಲ್ಲಿ ಇದೇ ಮಾರ್ಗದಿಂದ ಹೊಳೆಯ ಮೀನುಗಳು ತತ್ತಿಯಿಡುವಂತೆ ಮಾಡಿದನು. ಭಾರತದಲ್ಲಿ ಪಂಜಾಬಿನ ಹಮೀದ್ ಖಾನ್ ಎಂಬವರು 1937ರಲ್ಲಿ ಮೃಗಾಲ್ ಮೀನಿಗೆ ಸಸ್ತನಿಪ್ರಾಣಿಗಳ ಗ್ರಂಥಿರಸವನ್ನು ಪ್ರಯೋಗಿಸಿದರು. ಕೀಲಿಯು ಸರಿಯಾದುದೇ, ಆದರೆ ಬೇರೆ ಮನೆಯ ಬೀಗಕ್ಕೆ ಸೇರಿದ್ದು. ಮೀನಿಗೆ ಮೀನಿನ ಗ್ರಂಥಿಯೇ ಬೇಕೆಂಬುದು ಸ್ಥಿರವಾಗಲು ಮತ್ತಷ್ಟು ಕಾಲ ಹಿಡಿಯಿತು.

ಈ ಮಾರ್ಗದಲ್ಲಿ ಬೆಂಗಳೂರಿನ ಪಾಲೂ ಉಂಟು. ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಬೋಧಿಸುತ್ತಿದ್ದ ಎಲ್. ಎಸ್. ರಾಮಸ್ವಾಮಿಯವರೂ ಬಿ. ಐ. ಸುಂದರರಾಜ್ ಅವರೂ ಮೀಸೆಯುಳ್ಳ, ಹುರುಪೆಯಿಲ್ಲದ ಒಂದು ಜಾತಿಯ ಮೀನಿಗೆ ಗ್ರಂಥಿರಸವನ್ನು ಚುಚ್ಚಿ ತತ್ತಿಯಿಡಿಸಿ, 1956ರಲ್ಲಿ ಆ ವರದಿಯನ್ನು ಪ್ರಕಟಿಸಿದರು. ಆದರೆ ಹೊಲಮನೆಗಳ ಕೊಳಕ್ಕೆ ಬೇಕಾಗಿದ್ದುದು ಗೆಂಡೆಮೀನು. ಆ ಯಶಸ್ಸು ಹೀರಾಲಾಲ್ ಚೌಧುರಿ ಎಂಬ ಬಂಗಾಳಿ ವಿಜ್ಞಾನಿಗೆ ಮೀಸಲಾಗಿತ್ತು. ಇವರು 1921ರಲ್ಲಿ ಸಿಲ್ಹೆಟ್ ಸೀಮೆಯಲ್ಲಿ, ಹೊಳೆ ಜೌಗುಗಳ ನಾಡಿನಲ್ಲಿ, ಹುಟ್ಟಿದವರು. ಕಟಕದಲ್ಲಿದ್ದ ಕೇಂದ್ರ ಒಳನಾಡು ಮತ್ಸ್ಯಸಂಶೋಧನಾಲಯದ ಶಾಖೆಯಲ್ಲಿ ಕೆ. ಎಚ್. ಅಲಿಕುಂಞಿಯವರ ಜೊತೆಯಲ್ಲಿ ಪ್ರಯೋಗ ನಡೆಸುತ್ತಿದ್ದು, 1957ನೆಯ ಜುಲೈ 10ರಂದು ಒಡಿಶಾದ ಅಂಗುಲ್ ಎಂಬಲ್ಲಿ, ಗ್ರಂಥಿರಸವನ್ನು ಚುಚ್ಚಿದ ಮೃಗಾಲ್ ಮೀನು ತತ್ತಿಯಿಟ್ಟುದನ್ನು ಕಂಡರು. ಅದೇ ಮಳೆಗಾಲದಲ್ಲಿ ರೋಹುವೂ ಒಲಿಯಿತು. ಕಾಟ್ಲಾ ಮಾತ್ರ ಹೆಚ್ಚು ಹಠಮಾರಿಯಾಗಿದ್ದು ಮುಂದಿನ ವರ್ಷಗಳಲ್ಲಿ ವಶವಾಯಿತು. ಜುಲೈ 10ನೆಯ ದಿನವನ್ನು ಇಂದು ರಾಷ್ಟ್ರೀಯ ಮತ್ಸ್ಯಕೃಷಿಕರ ದಿನವೆಂದು ಆಚರಿಸುವರು. ಚೌಧುರಿಯವರು 2014ರಲ್ಲಿ ಕಾಲವಾದರು.

ಈ ವಿಧಾನವು ಸರಳವಾದುದು. ಅದರ ಹಿರಿಮೆಯೂ ಆ ಸರಳತೆಯಲ್ಲಿಯೇ ಇದೆ. ಮೀನುಪೇಟೆಯಲ್ಲಿ ಕತ್ತರಿಸಿ ಎಸೆಯುವ ತಲೆಗಳಿಂದ ಗ್ರಂಥಿಗಳನ್ನು ಬಿಡಿಸಿ, ಶುದ್ಧ ಮದ್ಯಸಾರದಲ್ಲಿ ಕೆಡದಂತೆ ಇಡುವರು. ಬೇಕಾದಾಗ ಭಟ್ಟಿಯಿಳಿಸಿದ ನೀರಿನಲ್ಲಿ ಅರೆದು, ತಿಳಿಯನ್ನು ಬಸಿದು, ಸೂಜಿಯಿಂದ ಮೀನಿನ ಬೆನ್ನಿನ ಸ್ನಾಯುವಿಗೆ ಚುಚ್ಚುವರು. ಹೆಣ್ಣಿಗೆ ಒಂದು ಕಿಲೋ ತೂಕಕ್ಕೆ 2 ಅಥವಾ 3 ಮಿಲಿಗ್ರಾಂ ಪ್ರಮಾಣದಲ್ಲಿ ಮೊದಲ ಸಲ, 6 ಗಂಟೆಗಳ ತರುವಾಯ 5ರಿಂದ 8 ಮಿಲಿಗ್ರಾಂ ಪ್ರಮಾಣದಲ್ಲಿ ಎರಡನೆಯ ಸಲ; ಗಂಡಿಗೆ ಒಂದೇ ಸಲ. ಬಳಿಕ ಎರಡನ್ನೂ ಕೊಳದಲ್ಲಿ ಕಟ್ಟಿದ ಬಟ್ಟೆಯ ತೊಟ್ಟಿಲಿನಂತಹ ಹಾಪಾದಲ್ಲಿ ಬಿಡುವರು. ಬೆಳಗಾಗುವುದರೊಳಗೆ ಮುತ್ತಿನಂತಹ ತತ್ತಿಗಳು ತೊಟ್ಟಿಲನ್ನು ತುಂಬುವುವು. ಒಂದು ಕಿಲೋ ತೂಗುವ ರೋಹುವು 2ರಿಂದ 3 ಲಕ್ಷ ತತ್ತಿಗಳನ್ನು ಇಡುವುದು. 14ರಿಂದ 18 ಗಂಟೆಗಳಲ್ಲಿ ಮರಿಗಳು ಹೊರಬರುವುವು. ಗಂಗೆಯ ಪ್ರವಾಹವು ಮೀನಿನ ಮೆದುಳಿಗೆ ಯಾವ ಸಂದೇಶವನ್ನು ತಲುಪಿಸುತ್ತಿತ್ತೋ, ಅದನ್ನೇ ಸೂಜಿಯ ಮೊನೆಯು ತಲುಪಿಸಿದಂತಾಯಿತು. ಮುಂದೆ ಚೀನೀ ಮಾದರಿಯ ವೃತ್ತಾಕಾರದ ತೊಟ್ಟಿಗಳೂ, 1990ರ ದಶಕದಿಂದ ಗ್ರಂಥಿಗೆ ಬದಲಾಗಿ ಕೃತಕವಾದ ಔಷಧಗಳೂ ಬಳಕೆಗೆ ಬಂದುವು. ಆ ತೊಟ್ಟಿಗಳಲ್ಲಿ ನೀರು ನಿಲ್ಲದೆ ಸುತ್ತುತ್ತಿರುವುದನ್ನು ನೋಡಿದರೆ, ಬಾಂಕುರಾದ ಏರಿಯು ಬೇರೆ ವೇಷದಲ್ಲಿ ಬಂದಂತೆಯೇ ತೋರುವುದು.

ಫಲವು ಅಂಕೆಗಳಿಂದಲೇ ವಿದಿತವಾಗುವುದು. 1950-51ರಲ್ಲಿ ಭಾರತದ ಒಳನಾಡಿನ ಮೀನಿನ ಉತ್ಪತ್ತಿಯು ಸುಮಾರು 2.2 ಲಕ್ಷ ಟನ್ನುಗಳಾಗಿತ್ತು. 2022-23ರಲ್ಲಿ ಅದು ಸುಮಾರು 131 ಲಕ್ಷ ಟನ್ನುಗಳಿಗೆ ಏರಿತು. ಇದರಲ್ಲಿ ದೊಡ್ಡ ಪಾಲು ಸಾಕಿದ ಮೀನಿನದು. ಹೊಳೆಯ ಮರಿಯನ್ನು ಕಾಯುವ ಕಷ್ಟ ರೈತನಿಗೆ ತಪ್ಪಿತು. ಕನ್ನಡನಾಡಿನ ಕೆರೆಗಳಿಗೂ ಗಂಗೆಯ ಮೀನಿನ ಮರಿಗಳು, ಗಂಗೆಯನ್ನು ಕಾಣದೆಯೇ, ಬಂದುವು. 1969ರಲ್ಲಿ ದೇಶದ ಪ್ರಥಮ ಮತ್ಸ್ಯವಿದ್ಯಾ ಕಾಲೇಜು ಮಂಗಳೂರಿನಲ್ಲಿ ಸ್ಥಾಪಿತವಾದುದು ಈ ವಿದ್ಯೆಗೆ ಇಲ್ಲಿಯೂ ನೆಲೆಯನ್ನು ಕೊಟ್ಟಿತು.

ಆದರೆ ಚರಿತ್ರೆಯು ಇಲ್ಲಿಗೆ ಮಂಗಳವನ್ನು ಹಾಡಲಿಲ್ಲ. ರಾಗಿಯ ರೈತನು ಒಕ್ಕಣೆಯ ಹೊತ್ತಿನಲ್ಲಿ ದಪ್ಪನಾದ ತೆನೆಗಳನ್ನು ಆರಿಸಿ ಬೀಜಕ್ಕೆಂದು ಬೇರೆ ಇಡುವನು. ಮಕ್ಕಳು ಹಸಿದರೂ ಬೀಜದ ಮಡಕೆಯನ್ನು ಮುಟ್ಟನು. ಮೀನಿನ ಕಣದಲ್ಲಿ ಇದಕ್ಕೆ ವಿಪರೀತವೇ ನಡೆಯಿತು. ಏಕನಾಥ್ ಮತ್ತು ಡಾಯ್ಲ್ ಎಂಬ ವಿಜ್ಞಾನಿಗಳು ಕರ್ನಾಟಕದ ಮೀನುಮರಿ ಕೇಂದ್ರಗಳನ್ನು ಪರಿಶೀಲಿಸಿ, 1985 ಮತ್ತು 1990ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ಎಚ್ಚರಿಕೆಯನ್ನು ಕೊಟ್ಟರು. ಬೇಗನೆ ಬೆಳೆದ ದೊಡ್ಡ ಮೀನುಗಳು ಪೇಟೆಗೆ ಹೋಗುವುವು, ಉಳಿದ ಸಣ್ಣವು ತಾಯಿತಂದೆಗಳಾಗುವುವು. ಒಂದೊಂದು ಹೆಣ್ಣೂ ಲಕ್ಷಗಟ್ಟಲೆ ತತ್ತಿಯನ್ನು ಕೊಡುವುದರಿಂದ ಕೆಲವೇ ಜೋಡಿಗಳು ಸಾಕೆಂದು ಬಗೆದು, ವರ್ಷವರ್ಷವೂ ಅದೇ ಮನೆತನದೊಳಗೇ ಸಂಬಂಧವು ಬೆಳೆಯುವುದು. ಹೀಗಾಗಿ ಸಂತಾನವು ಕುಗ್ಗುವುದು ಎಂಬುದು ಅವರ ಅಭಿಪ್ರಾಯದ ಸಾರ. ಇದಲ್ಲದೆ ರೋಹು ಕಾಟ್ಲಾಗಳನ್ನು ಒಂದೇ ತೊಟ್ಟಿಯಲ್ಲಿ ಬಿಟ್ಟು ತತ್ತಿಯಿಡಿಸಿದುದರಿಂದ ಅತ್ತ ರೋಹುವೂ ಅಲ್ಲದ ಇತ್ತ ಕಾಟ್ಲಾವೂ ಅಲ್ಲದ ಸಂಕರವೂ ಕೆಲವೆಡೆ ಉಂಟಾಯಿತು. ಸಮೃದ್ಧಿಯೇ ಅಜಾಗರೂಕತೆಗೆ ತಾಯಿಯಾಯಿತು. ತತ್ತಿಗೆ ಬರವಿದ್ದಾಗ ಒಂದೊಂದನ್ನೂ ಜನರು ಕಾದರು. ಲಕ್ಷಗಟ್ಟಲೆ ದೊರೆತಾಗ ಅದರ ಕುಲವನ್ನು ಕೇಳಲಿಲ್ಲ.

ಇದಕ್ಕೆ ಪರಿಹಾರವನ್ನು ವಿಜ್ಞಾನಿಗಳು ಎಲ್ಲಿ ಹುಡುಕಿದರೆಂಬುದೇ ಈ ಚರಿತ್ರೆಯ ಅತ್ಯಂತ ಅರ್ಥವತ್ತಾದ ಭಾಗವು. ಭುವನೇಶ್ವರದ ಬಳಿಯ ಕೌಸಲ್ಯಾಗಂಗದಲ್ಲಿರುವ ಸಂಶೋಧನಾಲಯವು, ನಾರ್ವೆ ದೇಶದವರ ಸಹಕಾರದಿಂದ, 1992ರಲ್ಲಿ ರೋಹುವಿನ ತಳಿಯನ್ನು ಸುಧಾರಿಸಲು ತೊಡಗಿತು. ಆಗ ಅದು ಬೀಜಕ್ಕಾಗಿ ಮತ್ತೆ ಹೊಳೆಗೇ ಹೋಯಿತು. ಗಂಗೆ, ಯಮುನೆ, ಗೋಮತಿ, ಶತದ್ರು, ಬ್ರಹ್ಮಪುತ್ರ ಎಂಬ ಐದು ನದಿಗಳ ರೋಹುಗಳನ್ನು ತಂದು, ಕೂಡಿಸಿ, ಸಂತತಿಸಂತತಿಯಾಗಿ ಚೆನ್ನಾದುದನ್ನೇ ಆರಿಸುತ್ತ ಬಂದಿತು. ಸ್ವಾತಂತ್ರ್ಯದ ಸುವರ್ಣೋತ್ಸವದ ವರ್ಷವಾದ 1997ರಲ್ಲಿ ಹೊರಬಂದ ಆ ತಳಿಗೆ ‘ಜಯಂತಿ’ ಎಂದು ಹೆಸರಾಯಿತು. ಸೂಜಿಯು ನದಿಯ ಸಂದೇಶವನ್ನು ಅನುಕರಿಸಬಲ್ಲುದಾಯಿತು. ನದಿಯಲ್ಲಿರುವ ವೈವಿಧ್ಯವನ್ನು ಸೃಷ್ಟಿಸಬಲ್ಲುದಾಗಲಿಲ್ಲ.

ಮಲೆನಾಡಿನಲ್ಲಿ ಮುಂಗಾರಿನ ಮೊದಲ ಹೊಡೆತಕ್ಕೆ ಹಳ್ಳಗಳಿಂದ ಗದ್ದೆಗಳಿಗೆ ಏರುವ ಮೀನನ್ನು ‘ಹತ್ತುಮೀನು’ ಎಂದು ಕರೆಯುವರು. ರಾತ್ರಿ ಬೆಳಕನ್ನು ಹಿಡಿದು, ಕತ್ತಿಯಿಂದ ಅದನ್ನು ಕಡಿಯುವುದು ಅಲ್ಲಿಯವರಿಗೆ ವರ್ಷಕ್ಕೊಮ್ಮೆಯ ಸಂಭ್ರಮ. ಆ ಮೀನು ಹತ್ತುವುದು ತತ್ತಿಯಿಡುವುದಕ್ಕಾಗಿ. ಕಡಿಯಲ್ಪಡುವುದು ತುಂಬಿದ ಬಸಿರು. ಅದೇ ಮಲೆನಾಡಿನಲ್ಲಿ ಶೃಂಗೇರಿಯ ತುಂಗೆಯ ಮಡುವಿನಲ್ಲಿ ಮೀನಿಗೆ ಅಕ್ಕಿ ಪುರಿಗಳನ್ನು ಚೆಲ್ಲಿ ಕೈಮುಗಿಯುವರು. ಅಲ್ಲಿ ಬಲೆ ಬೀಳುವುದಿಲ್ಲ. ಒಂದೇ ಜನದಲ್ಲಿ ಈ ಎರಡು ಬಗೆಯ ನಡೆಯೂ ಉಂಟು. ಅಶೋಕನ ಶಾಸನವು ಕೆಲವು ದಿನಗಳನ್ನು ಮೀಸಲಿಟ್ಟಿತು. ಶೃಂಗೇರಿಯ ಭಕ್ತಿಯು ಒಂದು ಸ್ಥಳವನ್ನು ಮೀಸಲಿಟ್ಟಿತು. ಇಂದಿನ ವಿಜ್ಞಾನಿಯು ಹೊಳೆಗೆ ಕೇಳುವುದೂ ಇವೆರಡನ್ನೇ: ತತ್ತಿಯಿಡುವ ದಿನಗಳಲ್ಲಿ ಬಿಡುವು, ತತ್ತಿಯಿಡುವ ಎಡೆಗಳಿಗೆ ರಕ್ಷೆ.

ಕೌಟಿಲ್ಯನು ಕೆರೆಯ ಮೀನಿಗೆ ರಾಜನು ಒಡೆಯನೆಂದನು. ಒಡೆತನಕ್ಕೆ ಫಲದ ಹಕ್ಕು ಎಷ್ಟೋ ಬೀಜದ ಹೊಣೆಯೂ ಅಷ್ಟೇ ಎಂಬುದನ್ನು ಹೆಸರಿಲ್ಲದ ಬಾಂಕುರಾದ ಬೆಸ್ತನು ಬಲ್ಲವನಾಗಿದ್ದನು. ಅವನು ಮಳೆಗೆ ಕಾದನು, ಏರಿಯನ್ನು ಕಾದನು, ತಾಯಿಮೀನನ್ನೂ ಕಾದನು. ಕೆರೆಯಲ್ಲಿ ಮೀನು ಇಂದು ಸೂಜಿಯ ಕೃಪೆಯಿಂದ ಹುಟ್ಟುವುದಾದರೂ, ಅದರ ತವರುಮನೆಯು ಹೊಳೆಯೇ ಆಗಿದೆ. ತವರು ಬರಿದಾದ ಮೇಲೆ ಮಗಳ ಮನೆಯ ಸಿರಿಯು ಎಷ್ಟು ಕಾಲ ನಿಂತೀತು?